ಅರ್ಧಕ್ಕೆ ಬಿಡಲು ಹೊರಟಿದ್ದ ಕೃಷಿ ಪದವಿ: ಒಂದು ಆಪ್ತಸಲಹೆ ಪ್ರಕರಣ

ವಿದ್ಯಾರ್ಥಿನಿಯ ಒಪ್ಪಿಗೆ ಪಡೆದು ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ.

ಆಕೆಗೆ ಇಪ್ಪತ್ತು ವರ್ಷ. ಕೊಡಗಿನ ಸೋಮವಾರಪೇಟೆ ತಾಲ್ಲೂಕಿನ ಕಾಫಿ ಬೆಳೆಗಾರರ ಮನೆಯ ಹುಡುಗಿ. ಜಿಲ್ಲೆಯ ಹೊರಗಿನ ಕೃಷಿ ಕಾಲೇಜೊಂದರಲ್ಲಿ ಬಿ.ಎಸ್ಸಿ. (ಆನರ್ಸ್) ಕೃಷಿ ಪದವಿಯ ಐದನೇ ಸೆಮಿಸ್ಟರ್ ಮುಗಿಸಿ, ಫೆಬ್ರುವರಿಯ ರಜೆಯಲ್ಲಿ ನನ್ನ ಬಳಿ ಬಂದಿದ್ದಳು. ಎರಡು ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲ, ಅಂಕಗಳು ಇಳಿದಿವೆ, ಮನೆಯಲ್ಲಿ ಮಾತು ಕಡಿಮೆಯಾಗಿದೆ ಎಂದು ಹೇಳಿಕೊಂಡ ಮೇಲೆ, ಮೊದಲೇ ಬರೆದುಕೊಂಡು ಬಂದಂತಿದ್ದ ನಿರ್ಧಾರವೊಂದನ್ನು ಮುಂದಿಟ್ಟಳು: ಕೃಷಿ ಪದವಿಯನ್ನು ಇಲ್ಲಿಗೇ ಬಿಟ್ಟು, ಮನೆಗೆ ಹತ್ತಿರದ ಕಾಲೇಜಿನಲ್ಲಿ ಸಾಮಾನ್ಯ ಬಿ.ಎಸ್ಸಿ.ಗೆ ಸೇರಿ, ಆಮೇಲೆ ಬಿ.ಇಡಿ. ಮಾಡಿ ಶಿಕ್ಷಕಿಯಾಗಬೇಕು. ಕೋವಿಡ್ ಕಾಲದಲ್ಲಿ ತೋಟದ ಲೈನ್ ಮನೆಗಳ (ಕಾರ್ಮಿಕರ ಸಾಲುಮನೆಗಳ) ಮಕ್ಕಳಿಗೆ ಪಾಠ ಹೇಳಿಕೊಟ್ಟ ದಿನಗಳಷ್ಟು ಸಂತೋಷ ತನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ ಎಂಬುದು ಆಕೆಯ ಕಾರಣ. ತಂದೆಯ ಆಸೆ ಬೇರೆ: ಪದವಿ ಮುಗಿದ ಕೂಡಲೇ ಬ್ಯಾಂಕಿನ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು.

ಇಲ್ಲಿ ನಾನು ಮಾಡಿದ ತಪ್ಪನ್ನೂ ಬರೆಯಬೇಕು. ಮಗಳ ಇಷ್ಟಕ್ಕೆ ಬೆಲೆ ಕೊಡದ ತಂದೆಯ ಹಳೆಯ ಕಥೆ ಇದೆಂದು ಮೊದಲ ಭೇಟಿಯಲ್ಲೇ ತೀರ್ಮಾನಿಸಿದ್ದೆ. ಎರಡನೇ ಭೇಟಿಗೆ ತಂದೆಯೂ ಬಂದರು. ಆರು ಎಕರೆ ಅರೇಬಿಕಾ ಕಾಫಿಗೆ, ಕಾಂಡವನ್ನು ಒಳಗಿನಿಂದ ಕೊರೆಯುವ ಬಿಳಿ ಕಾಂಡಕೊರಕ ಹುಳು ಬಿದ್ದು, ಬಹುಪಾಲು ಗಿಡ ಕಿತ್ತು, ಬ್ಯಾಂಕಿನಲ್ಲಿ ಸಾಲ ಮಾಡಿ ಮರುನಾಟಿ ಮಾಡಿದ್ದಾರೆ. ಹೊಸ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು. ಆಳು ಸಿಗದೆ ಗದ್ದೆ ಪಾಳು ಬಿದ್ದಿದೆ. ಮಗಳ ಸಂಬಳ ಯಾವ ವರ್ಷ ಶುರುವಾಗುತ್ತದೆ ಎಂಬ ಒಂದೇ ಲೆಕ್ಕ ಅವರ ತಲೆಯಲ್ಲಿತ್ತು, ಆ ಲೆಕ್ಕವನ್ನು ಅವರು ಮಗಳಿಗೆ ಎಂದೂ ಹೇಳಿರಲಿಲ್ಲ. ಸಾಲದ ಮೊತ್ತವನ್ನು ಆಕೆ ನನ್ನ ಕೋಣೆಯಲ್ಲಿಯೇ ಮೊದಲ ಬಾರಿ ಕೇಳಿದಳು.

ಆ ದಿನ ಬೇರೇನೂ ಚರ್ಚೆಯಾಗಲಿಲ್ಲ. ಮುಂದಿನ ಭೇಟಿಯಲ್ಲಿ ನಾವು ವರ್ಷಗಳನ್ನು ಎಣಿಸಿದೆವು. ಈಗ ಬಿಟ್ಟರೆ ಹೊಸ ಪದವಿಗೆ 3 ವರ್ಷ, ಬಿ.ಇಡಿ.ಗೆ 2 ವರ್ಷ, ಒಟ್ಟು 5. ಅದರ ಮೇಲೆ ಅರ್ಹತಾ ಪರೀಕ್ಷೆ, ನೇಮಕಾತಿ ಪ್ರಕಟಣೆಗಾಗಿ ಕಾಯುವುದು. ಬಿಡದಿದ್ದರೆ ಉಳಿದಿರುವುದು ಮೂರು ಸೆಮಿಸ್ಟರ್, ಅಂದರೆ ಒಂದೂವರೆ ವರ್ಷ, ಎಂ.ಎಸ್ಸಿ. ಸೇರಿಸಿದರೂ ಮೂರೂವರೆ. ಕಾಗದದ ಮೇಲೆ ಈ ಎರಡು ಸಾಲುಗಳನ್ನು ನೋಡಿ ಆಕೆ ಸುಮ್ಮನಾದಳು, ಆದರೆ ಒಪ್ಪಲಿಲ್ಲ. ‘ಕೃಷಿ ಓದಿದವರು ಮೇಷ್ಟ್ರಾಗುವುದಿಲ್ಲ, ಆಫೀಸರ್ ಆಗುತ್ತಾರೆ’ ಎಂದಳು.

ಈ ನಂಬಿಕೆ ನಮ್ಮ ಜಿಲ್ಲೆಯಲ್ಲಿ ವ್ಯಾಪಕವಾಗಿದೆ, ಪೂರ್ತಿ ಸುಳ್ಳೂ ಅಲ್ಲ. ನಮ್ಮ ಸರ್ಕಾರಿ ಪ್ರೌಢಶಾಲೆಗಳ ವಿಜ್ಞಾನ ಶಿಕ್ಷಕರ ನೇಮಕಾತಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ), ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಎಂಬ ವಿಷಯ ಸಂಯೋಜನೆಗಳ ಮೇಲೆ ನಡೆಯುತ್ತದೆ. ಕೃಷಿ ಪದವಿಯ ಮೇಲೊಂದು ಬಿ.ಇಡಿ. ಇದ್ದ ಮಾತ್ರಕ್ಕೆ ಆ ಬಾಗಿಲು ತೆರೆಯುತ್ತದೆಂದು ನಂಬಿ ಯಾರೂ ಶುಲ್ಕ ಕಟ್ಟಬಾರದು, ಪ್ರಕಟಣೆಯ ಅರ್ಹತೆಯ ಪುಟವನ್ನು ಓದಿಯೇ ಕಟ್ಟಬೇಕು. ಸಿಬಿಎಸ್‌ಇ ಪಠ್ಯಕ್ರಮದಲ್ಲಿ ಕೃಷಿ ಒಂದು ಕೌಶಲ ವಿಷಯವಾಗಿ ಇದ್ದರೂ ಅದನ್ನು ಆರಿಸಿಕೊಂಡ ಶಾಲೆಗಳನ್ನು ಹುಡುಕಬೇಕು. ಆದರೆ ಕೃಷಿಯನ್ನು ಕಲಿಸುವ ಕೆಲಸ ಶಾಲೆಯ ಗೋಡೆಯೊಳಗೆ ಮಾತ್ರ ಇಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿಯ ಮಕ್ಕಳಿಗೆ ಕೃಷಿ ವಿಶ್ವವಿದ್ಯಾಲಯಗಳು ಕನ್ನಡ ಮಾಧ್ಯಮದಲ್ಲಿ ನಡೆಸುವ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ, ಪದವಿ ಕಾಲೇಜುಗಳಿವೆ. ಅಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರ ಪದವಿಯ ಜೊತೆಗೆ ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿಯ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ), ಸ್ಪರ್ಧೆಯಲ್ಲಿ ನಿಲ್ಲಲು ಬಹುಮಟ್ಟಿಗೆ ಪಿಎಚ್.ಡಿ. ಕೂಡ ಬೇಕು. ಇನ್ನು ಗೋಣಿಕೊಪ್ಪದಲ್ಲಿರುವಂಥ ಕೃಷಿ ವಿಜ್ಞಾನ ಕೇಂದ್ರಗಳ ವಿಷಯ ತಜ್ಞರು ದಿನವೂ ಮಾಡುವುದು ರೈತರಿಗೆ ಪಾಠ ಹೇಳುವುದನ್ನೇ. ಕೃಷಿ ವಿಸ್ತರಣೆ ಎಂಬ ವಿಭಾಗ ಇರುವುದೇ ಇದಕ್ಕಾಗಿ. ಅದನ್ನು ಆಕೆ ಎರಡೂವರೆ ವರ್ಷ ‘ಸುಲಭದ ಪೇಪರ್’ ಎಂದು ಓದಿ ಬಿಟ್ಟಿದ್ದಳು.

ಮಕ್ಕಳಿಗೆ ಕಲಿಸುವ ಸಂತೋಷ ದೊಡ್ಡವರಿಗೆ ಕಲಿಸುವಾಗಲೂ ಉಳಿಯುತ್ತದೆಯೇ ಎಂಬುದು ನನಗೆ ಗೊತ್ತಿರಲಿಲ್ಲ, ಆಕೆಗೂ ಗೊತ್ತಿರಲಿಲ್ಲ. ಹಾಗಾಗಿ ಸಲಹೆಗೆ ಮೊದಲು ಒಂದು ಕೆಲಸ ಕೊಟ್ಟೆ: ಮಾರ್ಚ್ ತಿಂಗಳಲ್ಲಿ, ಕಾಂಡಕೊರಕದ ದುಂಬಿ ಹಾರುವ ಏಪ್ರಿಲ್ ಬರುವ ಮೊದಲು, ತಮ್ಮ ತೋಟದ ಆಳುಗಳಿಗೆ ಅರ್ಧ ಗಂಟೆ ಪಾಠ ಮಾಡಬೇಕು, ತಂದೆ ಅಲ್ಲಿರಬೇಕು, ಆದರೆ ಬಾಯಿ ಹಾಕಬಾರದು. ಮೊದಲ ವಾರ ಅದು ಕೆಟ್ಟಿತು. ಹುಳುವಿನ ಲ್ಯಾಟಿನ್ ಹೆಸರಿನಿಂದ ಆರಂಭಿಸಿದ್ದಳಂತೆ. ಹಿರಿಯ ಹೆಂಗಸೊಬ್ಬರು, ‘ಕಾಂಡ ಉಜ್ಜಿ ಅಂತೀರಿ, ಉಜ್ಜಿದರೆ ಹುಳ ಯಾಕೆ ಬರಲ್ಲ?’ ಎಂದು ಕೇಳಿದಾಗ ಉತ್ತರ ಹೊಳೆಯಲಿಲ್ಲ. ಎರಡನೇ ವಾರ ಆಕೆ ಎರಡು ತುಂಡು ಕಾಂಡ ಹಿಡಿದು ಹೋದಳು, ಒಂದು ಒರಟು, ಒಂದು ಉಜ್ಜಿದ್ದು. ಹೆಣ್ಣು ದುಂಬಿ ಮೊಟ್ಟೆ ಇಡುವುದು ಸಡಿಲ ತೊಗಟೆಯ ಬಿರುಕಿನಲ್ಲಿ, ನುಣುಪಾದ ಕಾಂಡದಲ್ಲಿ ಆ ಜಾಗವೇ ಇರುವುದಿಲ್ಲ ಎಂದು ಬೆರಳಿಟ್ಟು ತೋರಿಸಿದಳು. ನೆರಳಿಲ್ಲದ ಕಡೆ ಹುಳು ಹೆಚ್ಚು ಎಂಬುದನ್ನು ಆ ಹೆಂಗಸೇ ಮುಂದುವರಿಸಿ ಹೇಳಿದರಂತೆ. ಈ ಘಟನೆಯನ್ನು ವರದಿ ಮಾಡಿದವರು ತಂದೆ ಎಂಬುದನ್ನು ನಾನು ವಿಶೇಷವಾಗಿ ಗುರುತು ಹಾಕಿಕೊಂಡೆ.

ಏಪ್ರಿಲ್‌ನಲ್ಲಿ ನಾನು ಕೊಟ್ಟ ಸಲಹೆ ಹೀಗಿತ್ತು. ಪದವಿಯನ್ನು ಬಿಡಬಾರದು. ಕೊನೆಯ ವರ್ಷದ ಗ್ರಾಮೀಣ ಕೃಷಿ ಕಾರ್ಯಾನುಭವದಲ್ಲಿ ಹಳ್ಳಿಯಲ್ಲಿ ಉಳಿಯುವ ಅವಧಿಯನ್ನು ಹಾಜರಿಗಾಗಿ ಕಳೆಯದೆ, ಕಲಿಸುವ ಕೆಲಸದ ಪರೀಕ್ಷೆಯೆಂದೇ ತಿಳಿದು, ಯಾವ ಪ್ರಶ್ನೆಗೆ ಉತ್ತರ ಬರಲಿಲ್ಲ ಎಂಬುದನ್ನು ದಿನವೂ ಬರೆದಿಡಬೇಕು. ಸ್ನಾತಕೋತ್ತರ ಪ್ರವೇಶಕ್ಕೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಅಖಿಲ ಭಾರತ ಪರೀಕ್ಷೆಗೆ ಈಗಿನಿಂದಲೇ ಓದಬೇಕು, ಏಕೆಂದರೆ ಒಳ್ಳೆಯ ಸ್ಥಾನ ಬಂದರೆ ವಿದ್ಯಾರ್ಥಿವೇತನ ಸಿಗುತ್ತದೆ, ಮನೆಗೆ ಹೊರೆ ಕಡಿಮೆಯಾಗುತ್ತದೆ. ಬ್ಯಾಂಕ್ ಪರೀಕ್ಷೆಯನ್ನು ಶತ್ರುವೆಂದು ನೋಡಬೇಕಾಗಿಲ್ಲ. ಆ ಹುದ್ದೆಯ ವಯೋಮಿತಿ 20ರಿಂದ 30 ವರ್ಷ, ಎಂ.ಎಸ್ಸಿ. ಮುಗಿದ ಮೇಲೂ ಬರೆಯಲು ಅವಕಾಶವಿದೆ, ಪದವಿಯ ಕೊನೆಗೆ ಒಮ್ಮೆ ಬರೆದರೂ ನಷ್ಟವಿಲ್ಲ. ತಂದೆಗೆ ಹೇಳಿದ್ದು ಒಂದೇ ಮಾತು: ಸಾಲದ ಕಂತಿನ ಪುಸ್ತಕ ಮಗಳ ಕೈಗೂ ಸಿಗುವಂತಿರಲಿ. ನಿದ್ದೆಯ ತೊಂದರೆ ಜೂನ್‌ವರೆಗೂ ಮುಂದುವರಿದರೆ ವೈದ್ಯರನ್ನು ಕಾಣಲು ಸೂಚಿಸಿದ್ದೆ. ಅದರ ಅಗತ್ಯ ಬೀಳಲಿಲ್ಲ.

ಆಕೆ ಕಾಲೇಜಿಗೆ ಮರಳಿದ್ದಾಳೆ. ಎರಡೂ ಪರೀಕ್ಷೆ ಬರೆಯುವುದೆಂದು ಮನೆಯಲ್ಲಿ ಒಪ್ಪಂದವಾಗಿದೆ, ಆದರೆ ಎರಡರಲ್ಲೂ ಆಯ್ಕೆಯಾದರೆ ಯಾವುದು ಎಂಬ ಪ್ರಶ್ನೆಯನ್ನು ತಂದೆ ಮಗಳಿಬ್ಬರೂ ಮುಟ್ಟಿಲ್ಲ. ಕಳೆದ ಸಲ ಫೋನ್ ಮಾಡಿದಾಗ ತಂದೆ ನನ್ನನ್ನು ಕೇಳಿದ್ದು, ಕೃಷಿ ಕಾಲೇಜಿನ ಉಪನ್ಯಾಸಕರಿಗೆ ಕೊಡಗಿಗೆ ವರ್ಗಾವಣೆ ಸಿಗುವುದುಂಟೇ ಎಂದು.