ಹಳೆಯ ಕಥೆ, ಹೊಸ ಚಿತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹೆಸರು ಮಾಡಿದ ಹಳೆಯ ಚಿತ್ರಗಳನ್ನೇ ಮತ್ತೆ ಮತ್ತೆ ಹೊಸದಾಗಿ ತೆಗೆಯುತ್ತಿದ್ದಾರೆ. ಹೊಸದು ಮೂಲಕ್ಕೆ ಎಂದೂ ಸಾಟಿಯಾಗದು ಎಂಬುದು ನನ್ನ ವಾದ. ಹಳೆಯದರ ಮೇಲಿನ ಮೋಹ ನನ್ನಿಂದ ಹಾಗೆ ಹೇಳಿಸುತ್ತಿದೆ ಎಂಬುದು ಮಗನ ವಾದ. ತಾವು ಏನನ್ನುತ್ತೀರಿ?
– ಓದುಗರೊಬ್ಬರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ತಮ್ಮ ಮಾತಿನಲ್ಲಿ ಹುರುಳಿದೆ, ಆದರೆ ‘ಎಂದೂ’ ಎಂಬ ಪದವನ್ನು ನಾನು ಒಪ್ಪಲಾರೆ. ನಿರ್ದೇಶಕರು ತಮ್ಮದೇ ಚಿತ್ರವನ್ನು ಎರಡನೆಯ ಸಲ ತೆಗೆದ ಎರಡು ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಅಲ್ಲಿ ಸೋಲುಗೆಲುವಿಗೆ ಪ್ರತಿಭೆಯ ಹೆಚ್ಚುಕಡಿಮೆಯನ್ನು ಕಾರಣವಾಗಿ ಹೇಳಲು ಬರುವುದಿಲ್ಲ.

ಮೆಹಬೂಬ್ ಖಾನ್ 1940ರಲ್ಲಿ ‘ಔರತ್’ ತೆಗೆದರು. ಅದೇ ಕಥೆಯನ್ನು 1957ರಲ್ಲಿ ‘ಮದರ್ ಇಂಡಿಯಾ’ ಎಂದು ಮತ್ತೆ ತೆಗೆದರು. ಸಾಹುಕಾರನ ಸಾಲ, ಗಂಡನಿಲ್ಲದ ಸಂಸಾರ, ದಾರಿ ತಪ್ಪಿದ ಮಗನನ್ನು ತಾಯಿಯೇ ಕೊಲ್ಲುವುದು, ಎಲ್ಲವೂ ಅದೇ; ಸಾಹುಕಾರ ಸುಖೀಲಾಲನ ಪಾತ್ರವನ್ನು ಎರಡರಲ್ಲಿಯೂ ಕನ್ಹಯ್ಯಾಲಾಲ್ ಅವರೇ ಮಾಡಿದ್ದಾರೆ. ಆದರೆ ನಡುವಿನ 17 ವರ್ಷಗಳಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಅಣೆಕಟ್ಟುಗಳು ಏಳುತ್ತಿದ್ದವು. ಹೀಗಾಗಿ ಹೊಸ ಚಿತ್ರವು ಮುದುಕಿಯಾದ ರಾಧಾಳನ್ನು ಕಾಲುವೆಗೆ ನೀರು ಬಿಡಲು ಊರವರು ಕರೆದೊಯ್ಯುವಲ್ಲಿಂದ ಶುರುವಾಗುತ್ತದೆ. ಅವಳ ಇಡೀ ಬದುಕು ನೆನಪಾಗಿ ಹರಿದ ಮೇಲೆ, ಕೊನೆಯಲ್ಲಿ ಅದೇ ಕಾಲುವೆಯ ನೀರು ನೆತ್ತರಿನಂತೆ ಕೆಂಪಾಗಿ ಕಾಣುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬರುವ ಮುಂಚಿನ ಬರಗಾಲಗಳನ್ನು ಕಂಡ ತಮ್ಮ ಕಡೆಯ ಹಿರಿಯರಿಗೆ ಆ ಕೆಂಪಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಎರಡನೆಯದು ಮೊದಲನೆಯದನ್ನು ಮೀರಿ ನಿಂತಿದೆ ಎಂದು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ.

ಈಗ ಇನ್ನೊಂದು ಪ್ರಸಂಗ. ಪುಟ್ಟಣ್ಣ ಕಣಗಾಲ್ ಅವರು ತ.ರಾ.ಸು. ಕಾದಂಬರಿಗಳಿಂದ 1972ರಲ್ಲಿ ‘ನಾಗರಹಾವು’ ತೆಗೆದು, ಎರಡು ವರ್ಷಗಳಲ್ಲಿಯೇ ಅದನ್ನು ರಿಷಿ ಕಪೂರ್ ಅವರನ್ನು ಹಾಕಿಕೊಂಡು ‘ಜಹರೀಲಾ ಇನ್ಸಾನ್’ ಎಂದು ಹಿಂದಿಗೆ ಒಯ್ದರು. ಅದು ನಿಲ್ಲಲಿಲ್ಲ. ನನ್ನ ತಿಳಿವಳಿಕೆಯಂತೆ ಕಾರಣ ಒಂದೇ ಪದದಲ್ಲಿದೆ. ರಾಮಾಚಾರಿ ‘ಮೇಷ್ಟ್ರೇ’ ಎಂದು ಕರೆದಾಗ, ಆ ಕರೆಯಲ್ಲಿ ಅವನ ಹಟ, ಭಯ, ಪ್ರೀತಿ ಮೂರೂ ಇರುತ್ತವೆ. ಅಶ್ವಥ್ ಅವರ ಚಾಮಯ್ಯ ಮೇಷ್ಟ್ರು ಅದಕ್ಕೆ ತಿರುಗಿ ನೋಡುವ ನೋಟದಲ್ಲಿ, ಹೆತ್ತ ಅಪ್ಪನಿಗೂ ಬಗ್ಗದ ಹುಡುಗ ತನ್ನೊಬ್ಬನ ಮಾತಿಗೆ ಬಗ್ಗುತ್ತಾನೆ ಎಂಬ ಹೆಮ್ಮೆಯೂ ಆ ಹೊಣೆಯ ಭಾರವೂ ಇರುತ್ತದೆ. ಕಲ್ಲುಕೋಟೆಯ ಊರು, ಓಬವ್ವನ ನೆನಪು, ಮಡಿಯ ಮನೆ, ಓಣಿಯ ಮಾತು, ಇವೆಲ್ಲ ಸೇರಿ ಕಟ್ಟಿದ ಸಂಬಂಧ ಅದು. ಕಥೆ ಹಿಂದಿಗೆ ಹೋಯಿತು, ಸಂಬಂಧ ಚಿತ್ರದುರ್ಗದಲ್ಲಿಯೇ ಉಳಿಯಿತು. ಕಥೆಯನ್ನು ಮತ್ತೆ ಹೇಳಲು 1957ರಲ್ಲಿ ಮೆಹಬೂಬರಿಗೆ ಒಂದು ಹೊಸ ಕಾರಣವಿತ್ತು. 1974ರಲ್ಲಿ ಪುಟ್ಟಣ್ಣನವರಿಗೆ ಹೊಸ ಮಾರುಕಟ್ಟೆಯಷ್ಟೇ ಇತ್ತು ಎಂದು, ಅವರ ಮೇಲಿನ ಅಪಾರ ಗೌರವದಿಂದಲೇ, ನಾನು ಭಾವಿಸುತ್ತೇನೆ.

ನೆಲ ಬದಲಾದಾಗ ಕಥೆಯನ್ನು ಹೇಗೆ ನಾಟಿ ಮಾಡಬೇಕು ಎಂಬುದಕ್ಕೆ ‘ಆಪ್ತಮಿತ್ರ’ ಒಳ್ಳೆಯ ಉದಾಹರಣೆ. 1993ರ ಮಲಯಾಳದ ‘ಮಣಿಚಿತ್ರತಾಳ್’ ಚಿತ್ರದಲ್ಲಿ ಗಂಗಾ ಎಂಬ ಗೃಹಿಣಿ ತಾನೇ ಅವಳೆಂದು ಭ್ರಮಿಸುವ ನಾಗವಲ್ಲಿ ತಮಿಳು ನರ್ತಕಿ. ಮಲಯಾಳದ ಮನೆಯಲ್ಲಿ ಇದ್ದಕ್ಕಿದ್ದಂತೆ ಕೇಳುವ ತಮಿಳೇ ಅಲ್ಲಿ ಮೈ ಜುಮ್ಮೆನಿಸುತ್ತದೆ. 2004ರಲ್ಲಿ ಪಿ. ವಾಸು ಅದನ್ನು ಕನ್ನಡಕ್ಕೆ ತಂದಾಗ ನಾಗವಲ್ಲಿ ತೆಲುಗಿನವಳಾದಳು. ಸೌಂದರ್ಯ ಅವರ ಗಂಗಾ ಕನ್ನಡದಿಂದ ತೆಲುಗಿಗೆ ಹೊರಳಿದ ಕ್ಷಣ ಚಿತ್ರಮಂದಿರವೇ ಸ್ತಬ್ಧವಾಗುತ್ತಿತ್ತು. ತೆಲುಗು ನೆರೆಮನೆಯ ಮಾತಾಗಿರುವ ನಮ್ಮ ಕಲಬುರಗಿ, ಬೀದರದ ಕಡೆ ಅದು ಪರಕೀಯವಾಗಿ ಕೇಳಲಿಲ್ಲ. ನಮಗೆ ಅವಳ ಬೇಡಿಕೆಯ ಪ್ರತಿ ಮಾತೂ ತಿಳಿಯುತ್ತಿತ್ತು, ಅದಕ್ಕೇ ಹೆದರಿಕೆಯ ಜೊತೆಗೆ ಅವಳ ಮೇಲೆ ಕನಿಕರವೂ ಹುಟ್ಟುತ್ತಿತ್ತು. ಅಭಿನಯದಲ್ಲಿ ಮಲಯಾಳದ ಗಂಗಾ ಆಗಿದ್ದ ಶೋಭನಾ ಹೆಚ್ಚೋ ಸೌಂದರ್ಯ ಹೆಚ್ಚೋ ಎಂಬ ತಕ್ಕಡಿ ಹಿಡಿಯಲು ನನಗೆ ಮನಸ್ಸಿಲ್ಲ. ಸೌಂದರ್ಯ ಅವರು ಆ ಚಿತ್ರದ ಬಿಡುಗಡೆಯನ್ನು ನೋಡಲು ಉಳಿಯಲಿಲ್ಲ ಎಂಬುದು ನೆನಪಾದರೆ ಇಂದಿಗೂ ಸಂಕಟವಾಗುತ್ತದೆ.

ಮೂಲಕ್ಕೆ ನಿಷ್ಠೆಯೊಂದಿದ್ದರೆ ಸಾಕು ಎನ್ನುವವರು 1998ರ ‘ಸೈಕೋ’ ನೋಡಬೇಕು. ಹಿಚ್‌ಕಾಕ್ ಅವರ 1960ರ ಚಿತ್ರವನ್ನು ಹೆಚ್ಚುಕಡಿಮೆ ಶಾಟ್‌ಗೆ ಶಾಟ್ ಹೊಂದಿಸಿ ತೆಗೆದರೂ ಅದು ಅಚ್ಚು ಹೊಡೆದ ಪ್ರತಿಯಾಯಿತೇ ಹೊರತು ಚಿತ್ರವಾಗಲಿಲ್ಲ.

ಪ್ರಶ್ನೆ: ರೀಮೇಕ್ ಬೇರೆ, ರೀಬೂಟ್ ಬೇರೆ ಎನ್ನುತ್ತಾರೆ. ಕನ್ನಡದಲ್ಲಿ ರೀಬೂಟ್ ಎಂಬುದು ಇದೆಯೇ?
– ಓದುಗರೊಬ್ಬರು, ಬಸವಕಲ್ಯಾಣ, ಬೀದರ ಜಿಲ್ಲೆ

ಉತ್ತರ: ರೀಮೇಕ್ ಕಥೆಯನ್ನು ಮತ್ತೆ ಹೇಳುತ್ತದೆ, ರೀಬೂಟ್ ಹಿಂದಿನ ಸರಣಿಯನ್ನು ಬದಿಗಿಟ್ಟು ಪಾತ್ರವನ್ನು ಮೊದಲಿನಿಂದ ಶುರು ಮಾಡುತ್ತದೆ. 2006ರ ‘ಕ್ಯಾಸಿನೋ ರಾಯಲ್’ ಚಿತ್ರದಲ್ಲಿ ಜೇಮ್ಸ್ ಬಾಂಡ್ ಆಗಷ್ಟೇ ಕೊಲ್ಲುವ ಪರವಾನಗಿ ಪಡೆದ, ತಪ್ಪು ಮಾಡುವ, ಮೋಸಹೋಗುವ ಮನುಷ್ಯ. ನಮ್ಮಲ್ಲಿ ಅಂಥ ಸರಣಿಗಳು ಕಡಿಮೆ, ಆದರೆ ಪುರಾಣದ ಪಾತ್ರಗಳನ್ನು ನಾವು ಹೀಗೆಯೇ ಹೊಸದಾಗಿ ಕಟ್ಟುತ್ತ ಬಂದಿದ್ದೇವೆ. ಹರಿಹರನ ರಗಳೆಯ ಕಣ್ಣಪ್ಪ 1954ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರದ ರಾಜ್‌ಕುಮಾರ್ ಆದ. 1988ರ ‘ಶಿವ ಮೆಚ್ಚಿದ ಕಣ್ಣಪ್ಪ’ ಚಿತ್ರದಲ್ಲಿ ಮಗ ಶಿವರಾಜ್‌ಕುಮಾರ್ ಕಣ್ಣಪ್ಪನಾಗಿ, ತಂದೆಯೇ ಶಿವನಾಗಿ ಬಂದರು. ಹಿಂದೆ ಕಣ್ಣು ಕಿತ್ತುಕೊಟ್ಟವನೇ ಈಗ ಕಣ್ಣು ಪಡೆಯುವ ದೇವರ ಸ್ಥಾನದಲ್ಲಿ ನಿಂತದ್ದು ಮೊದಲ ಚಿತ್ರಕ್ಕೆ ಸಾಧ್ಯವೇ ಇರದಿದ್ದ ಅರ್ಥ. ಚಿತ್ರವಾಗಿ ನನಗೆ ಇಂದಿಗೂ 1954ರದೇ ಹೆಚ್ಚು; ಆದರೆ ಈ ಒಂದು ಅರ್ಥಕ್ಕಾಗಿ ಎರಡನೆಯದನ್ನೂ ಕಳೆದುಕೊಳ್ಳಲಾರೆ.

ಪ್ರಶ್ನೆ: ಮಕ್ಕಳಿಗೆ ಮೊದಲು ಯಾವುದನ್ನು ತೋರಿಸಬೇಕು?
– ಓದುಗರೊಬ್ಬರು, ಕಲಬುರಗಿ

ಉತ್ತರ: ಹಳೆಯದನ್ನೇ, ಅದೂ ಒಳ್ಳೆಯ ಪ್ರತಿಯಲ್ಲಿ. ಗೀರು ಬಿದ್ದ, ಧ್ವನಿ ಒಡೆದ ಪ್ರತಿಯನ್ನು ತೋರಿಸಿ ಮಕ್ಕಳಿಗೆ ರುಚಿಯಿಲ್ಲ ಎನ್ನುವುದು ಸರಿಯಲ್ಲ. ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಬಣ್ಣದಲ್ಲಿ, ‘ನಾಗರಹಾವು’ 2018ರಲ್ಲಿ ಡಿಜಿಟಲ್ ರೂಪದಲ್ಲಿ ಮತ್ತೆ ತೆರೆಗೆ ಬಂದವು. ಎರಡರಲ್ಲಿ ಯಾವುದಾದರೂ ಸಿಕ್ಕರೆ ಒಂದು ಭಾನುವಾರ ಮಕ್ಕಳ ಪಕ್ಕದಲ್ಲಿ ತಾವೂ ಕುಳಿತು ಪೂರ್ತಿ ನೋಡಿ.