ಡ್ರ್ಯಾಗನ್ ಕ್ವೆಸ್ಟ್ 11 ಎಸ್: ದಿನಕ್ಕೆ ಒಂದು ಗಂಟೆ ಸಾಕಾ?
ರಾತ್ರಿ ಒಂದೇ ಗಂಟೆ ಬಿಡುವು, ಸರದಿ ಪ್ರಕಾರ ಹೊಡೆದಾಡುವ ಆಟ ಬೋರ್ ಆಗುತ್ತಾ ಅಂತ ಕೇಳಿದ್ದೀರಿ. ನಿಮಗೆ ಇದೇ ಸರಿ, ತಗೊಳ್ಳಿ. ನೀವು ಆಜ್ಞೆ ಕೊಡುವ ತನಕ ಶತ್ರು ಸುಮ್ನೆ ಕಾಯುತ್ತಾನೆ. ನಡುವೆ ಫೋನ್ ಬಂದರೂ ಚಿಂತೆಯಿಲ್ಲ.

ಶುರುವಿನಲ್ಲಿ ನಿಧಾನ, ಅದು ನಿಜ. ಮಜಾ ಬರುವುದು ನಿಮ್ಮ ಜೊತೆಗಾರ ಎರಿಕ್ ಕಠಾರಿ ಹಿಡಿದ ಮೇಲೆ. ಮೊದಲು ಶತ್ರುವನ್ನು ನಿದ್ದೆಗೆ ಕೆಡವಿ, ಆಮೇಲೆ ವಿಕ್ಟಿಮೈಸರ್ ಎಂಬ ಕಠಾರಿ ಏಟು ಹೊಡೆಯಿರಿ. ಪೆಟ್ಟು ಹಲವು ಪಟ್ಟು ಜಾಸ್ತಿ ಬೀಳುತ್ತದೆ. ಮುಂದೆ ಎರಿಕ್ ಡಿವೈಡ್ ಎಂಬ ಕೌಶಲ ಕಲಿತರೆ ಅವನದೇ ತದ್ರೂಪುಗಳೂ ಜೊತೆಗೆ ಹೊಡೆಯುತ್ತವೆ. ಬಾಸ್ ಎನ್ನುವ ದೊಡ್ಡ ಶತ್ರುಗಳೂ ತತ್ತರಿಸುತ್ತಾರೆ!

ಮಾಮೂಲಿ ಮಟ್ಟ ತೀರಾ ಸುಲಭ. ಹೊಸ ಆಟ ಶುರು ಮಾಡುವಾಗ ಡ್ರೇಕೋನಿಯನ್ ಕ್ವೆಸ್ಟ್ ಎಂಬ ಕಷ್ಟ ಹೆಚ್ಚಿಸುವ ಪಟ್ಟಿಯಲ್ಲಿ ಬಲಿಷ್ಠ ರಾಕ್ಷಸರ ಆಯ್ಕೆ ಹಾಕಿಕೊಳ್ಳಿ. ಕಷ್ಟವಾದರೆ ಆಟದೊಳಗಿನ ಚರ್ಚ್‌ನಲ್ಲಿ ತೆಗೆಯಬಹುದು, ಆದರೆ ಮತ್ತೆ ಹಾಕಲು ಆಗದು.

ಪಾತ್ರಗಳ ರೂಪ ಬಿಡಿಸಿದ ಅಕಿರ ತೊರಿಯಾಮ ಅವರ ಚಿತ್ರಗಳು ಚೆಂದ. ಇನ್ನೊಬ್ಬ ಜೊತೆಗಾರ ಸಿಲ್ವಾಂಡೋ ಬಂದಾಗಲೆಲ್ಲ ನಗು ಗ್ಯಾರಂಟಿ. ಸಂಗೀತ ಮಾತ್ರ ಅದದೇ ಮರುಕಳಿಸಿ ತಲೆ ತಿನ್ನುತ್ತದೆ. ಆದರೂ 2017ರ ಮೂಲ ಆವೃತ್ತಿಗಿಂತ ಈ ಎಸ್ ಆವೃತ್ತಿ ವಾಸಿ, ಇದರಲ್ಲಿ ವಾದ್ಯವೃಂದದ ಸಂಗೀತವಿದೆ.

ಕೊನೆಯಲ್ಲಿ ಆಟ ಮಾಡಿದವರ ಹೆಸರುಗಳ ಪಟ್ಟಿ ಓಡಿತು ಅಂತ ಆಟ ಅಳಿಸಬೇಡಿ. ಕಥೆಯ ದೊಡ್ಡದೊಂದು ಭಾಗ ಅದರ ನಂತರವೇ ಇದೆ.