ಎಡಗಡೆ ವೃಷಣ ಚಿಕ್ಕದಾಗುತ್ತಿದೆ, ಯಾರಿಗೆ ತೋರಿಸಲಿ?

ಕುಮಟಾದಿಂದ ಕೇಳಿದ್ದೀರಿ. ನಾಲ್ಕು ತಿಂಗಳಿಂದ ಎಡಗಡೆ ವೃಷಣ ಚಿಕ್ಕದಾಗಿದೆ, ನೋವಿಲ್ಲ, ಮದುವೆ ಮಾತುಕತೆ ನಡೆದಿದೆ, ಜಿಮ್‌ನಲ್ಲಿ ತಗೊಂಡ ಇಂಜೆಕ್ಷನ್‌ನಿಂದ ಹೀಗಾಯ್ತಾ ಅಂತ.

ನನ್ನದೂ ಒಂದು ಚಿಕ್ಕದೇ. ನಾನು ಶಿರಸಿಯವನು. 24ನೇ ವಯಸ್ಸಿನಲ್ಲಿ, ಅಡಿಕೆ ಕೊಯ್ಲಿನ ಹೊತ್ತಿಗೆ ಮಂಗನಬಾವು ಬಂತು. (ಸಿದ್ದಾಪುರದ ಕಡೆಯ ಮಂಗನ ಕಾಯಿಲೆ ಅಲ್ಲ. ಅದು ಉಣುಗು ಕಚ್ಚಿ ಬರುವ ಜ್ವರ, ಇದು ಕೆನ್ನೆ ಊದುವುದು.) ಕೆನ್ನೆ ಇಳಿಯುವಾಗ ಬಲಗಡೆ ವೃಷಣ ಊದಿತು. ನಡೆಯಲು ಆಗದಷ್ಟು ನೋವು. ಮನೆಯಲ್ಲಿ ಸೊಂಟನೋವು ಅಂತ ಹೇಳಿ ಮಲಗಿದೆ. ಊತ ಇಳಿದು ಕೆಲವು ತಿಂಗಳಾದ ಮೇಲೆ ನೋಡಿದರೆ ಅದು ಮೆತ್ತಗಾಗಿ, ಗೋಟಡಿಕೆಯಷ್ಟಾಗಿತ್ತು. ಒಂದು ವರ್ಷ ಯಾರಿಗೂ ಹೇಳಲಿಲ್ಲ. ಆ ವರ್ಷ ನನಗೆ ಇವತ್ತಿಗೂ ಬೇಜಾರು ತರುತ್ತದೆ.

ಆಮೇಲೆ ಸ್ಕ್ಯಾನ್ ಆಯ್ತು. ಸಾಮಾನ್ಯವಾಗಿ ಒಂದೊಂದು ವೃಷಣ 15ರಿಂದ 25 ಎಂಎಲ್ ಇರುತ್ತದಂತೆ. ನನ್ನ ಎಡಗಡೆ 18, ಬಲಗಡೆ 7. ಹಾರ್ಮೋನ್ ಪರೀಕ್ಷೆ, ವೀರ್ಯ ಪರೀಕ್ಷೆ ಎರಡೂ ಸರಿಯಾಗಿ ಬಂದವು. ಒಂದು ಕಡೆಯದು ಚೆನ್ನಾಗಿದ್ದರೆ ಬಹಳ ಸಲ ಅದೇ ಸಾಕಾಗುತ್ತದೆ. ಈಗ ನನಗೆ ಮಗಳಿದ್ದಾಳೆ.

ಇನ್ನು ನಿಮ್ಮ ಇಂಜೆಕ್ಷನ್. ಅದರಲ್ಲಿ ಟೆಸ್ಟೋಸ್ಟೆರಾನ್ (ಗಂಡಸರ ಹಾರ್ಮೋನ್) ಇದ್ದು, ಹೀಗೆ ಹೊರಗಿನಿಂದ ದೇಹಕ್ಕೆ ಬಂದರೆ, ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಕೆಲಸ ಹೇಳುವುದನ್ನೇ ನಿಲ್ಲಿಸುತ್ತದೆ. ಆಗ ವೀರ್ಯಾಣು ಕಡಿಮೆಯಾಗುತ್ತವೆ, ವೃಷಣ ಕುಗ್ಗುತ್ತದೆ. ಆದರೆ ಸಾಮಾನ್ಯವಾಗಿ ಎರಡೂ ಕುಗ್ಗುತ್ತವೆ, ಒಂದೇ ಅಲ್ಲ. ಹಾಗಾಗಿ ನನಗೆ ಬೇರೆ ಅನುಮಾನ. ವೆರಿಕೋಸಿಲ್ ಅಂತ ಇದೆ, ವೃಷಣದ ಮೇಲಿನ ರಕ್ತನಾಳಗಳು ಊದಿಕೊಳ್ಳುವುದು. 100 ಗಂಡಸರಲ್ಲಿ ಸುಮಾರು 15 ಮಂದಿಗೆ ಇರುತ್ತದೆ, ಹೆಚ್ಚಾಗಿ ಎಡಗಡೆಗೇ. ನಿಂತಾಗ ಗಂಟುಗಂಟಾಗಿ ಕೈಗೆ ಸಿಗುತ್ತದೆ, ಮಲಗಿದರೆ ಇಳಿಯುತ್ತದೆ. ಬೇಕಾದರೆ ಆಪರೇಷನ್ ಇದೆ. ಇದು ನನ್ನ ಊಹೆ ಅಷ್ಟೇ, ಡಾಕ್ಟರೇ ಮುಟ್ಟಿ ನೋಡಬೇಕು. ಗಟ್ಟಿ ಗಂಟು ಸಿಕ್ಕರಂತೂ ಒಂದು ದಿನವೂ ಕಾಯಬೇಡಿ, ಕ್ಯಾನ್ಸರ್ ಅಲ್ಲ ಅಂತ ಖಚಿತ ಮಾಡಿಕೊಳ್ಳಬೇಕು.

ಮಳೆಗಾಲದ ಚಳಿಗೆ ವೃಷಣದ ಚೀಲ ಮುದುಡುತ್ತದಲ್ಲ, ಅದು ಇದಲ್ಲ. ಅದಕ್ಕೆ ಹೆದರಬೇಡಿ.

ಯಾವತ್ತಾದರೂ ಒಮ್ಮೆಲೇ ಜೋರು ನೋವು ಬಂದರೆ ಮಾತ್ರ ಆ ಕ್ಷಣವೇ ಹೊರಡಿ. ವೃಷಣ ತಿರುಚಿಕೊಂಡಿದ್ದರೆ ಸುಮಾರು 6 ಗಂಟೆಯೊಳಗೆ ಬಿಡಿಸಬೇಕು. ನಮ್ಮ ಜಿಲ್ಲೆಯಲ್ಲಿ ಘಟ್ಟದ ದಾರಿಯಲ್ಲೇ ಎರಡು ಗಂಟೆ ಹೋಗುತ್ತದೆ, ಅಲ್ವಾ?

ಈಗ ಯುರಾಲಜಿ (ಮೂತ್ರ ಮತ್ತು ಗಂಡಸರ ಜನನಾಂಗದ ತೊಂದರೆ ನೋಡುವ) ಡಾಕ್ಟರನ್ನು ನೋಡಿ. ಹತ್ತಿರ ಸಿಗದಿದ್ದರೆ ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯ ಸರ್ಜರಿ ವಿಭಾಗಕ್ಕೆ ಹೋಗಿ. ಇಂಜೆಕ್ಷನ್ ವಿಷಯ ಮುಚ್ಚಿಡಬೇಡಿ, ಬಾಟಲಿ ಉಳಿದಿದ್ದರೆ ಜೊತೆಗೇ ಒಯ್ಯಿರಿ. ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಒಂದು ಚೀಟಿಯಲ್ಲಿ ಬರೆದು ಟೇಬಲ್ ಮೇಲಿಡಿ. ನಾನು ಹಾಗೇ ಮಾಡಿದ್ದೆ. ಡಾಕ್ಟರ್ ಓದಿ, ಎದ್ದು ಹೋಗಿ ಬಾಗಿಲು ಹಾಕಿ ಬಂದರು.